ಚಮಚದ ಅಚ್ಚು ಮನೆಗೆ ತರುವ ಮುನ್ನ

ಪ್ರಶ್ನೆ: ಪ್ಲಾಸ್ಟಿಕ್ ಕಾರ್ಖಾನೆಯೊಂದು ಬಾಗಿಲು ಹಾಕುತ್ತಿದೆ. ಬಳಸಿ ಬಿಸಾಡುವ ಚಮಚ, ಲೋಟ ಮಾಡುತ್ತಿದ್ದ ಹಳೇ ಮೌಲ್ಡ್‌ಗಳನ್ನು, ಅಂದರೆ ಅಚ್ಚುಗಳನ್ನು, ಗುಜರಿಗೆ ಹಾಕುತ್ತಾರಂತೆ. ನನ್ನ ಸಂಗ್ರಹಕ್ಕೆ ಒಂದು ಬೇಕು. ಏನು ನೋಡಿ ತರಲಿ? ತುಕ್ಕು ಹಿಡಿದಿದ್ದರೆ ಉಜ್ಜಿ ಹೊಳಪು ಮಾಡಬಹುದಾ?

ಉತ್ತರ: ಮೊದಲು ತೂಕದ ಮಾತು. ಒಂದು ಅಡಿ ಉದ್ದ, ಅಗಲ, ಎತ್ತರ ಇರುವ ಉಕ್ಕಿನ ದಿಮ್ಮಿಯೇ ಸುಮಾರು 220 ಕಿಲೋ ಆಗುತ್ತದೆ. ಒಂದೇ ಸಲಕ್ಕೆ 32 ಚಮಚ ಉದುರಿಸುವ ಮೌಲ್ಡ್ ಅದಕ್ಕಿಂತ ದೊಡ್ಡದು. ಕಪಾಟು ಬಿಡಿ, ನೆಲ ತಡೆಯುತ್ತಾ ಅಂತ ಯೋಚಿಸಬೇಕಾಗುತ್ತದೆ.

ಹಾಗಾಗಿ ಇಡೀ ಮೌಲ್ಡ್ ಬೇಡ, ಇನ್ಸರ್ಟ್ ಕೇಳಿ. ದೊಡ್ಡ ಮೌಲ್ಡ್‌ಗಳಲ್ಲಿ ಚಮಚದ ಗುಳಿ ಸಾಮಾನ್ಯವಾಗಿ ಬೇರೆ ತುಂಡಾಗಿರುತ್ತದೆ, ಅದೇ ಇನ್ಸರ್ಟ್. ಒಂದು ಸವೆದರೆ ಅದೊಂದನ್ನೇ ಬದಲಿಸಲಿ ಅಂತ ಮಾಡಿಕೊಂಡ ಏರ್ಪಾಡು. ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಬಿಚ್ಚುವ ಕೆಲಸ ಮಾತ್ರ ಕಾರ್ಖಾನೆಯವರೇ ಮಾಡಲಿ, ಒಳಗೆ ಬಿಗಿದ ಸ್ಪ್ರಿಂಗ್‌ಗಳಿರುತ್ತವೆ. ತರುವಾಗ ಜೋಡಿಯನ್ನೇ ತನ್ನಿ: ತಗ್ಗಿರುವ ಕ್ಯಾವಿಟಿ, ಉಬ್ಬಿರುವ ಕೋರ್. ಒಂದೇ ಇದ್ದರೆ ಒಂಟಿ ಚಪ್ಪಲಿ ಇದ್ದ ಹಾಗೆ.

ಇನ್ನು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಗುಳಿಯೊಳಗೆ ಒಂದು ಪುಟ್ಟ ಅಂಕಿ ತಿರುಗುಮುರುಗಾಗಿ ಕೊರೆದಿರುತ್ತದೆ. ಅದು ಕ್ಯಾವಿಟಿ ನಂಬರು. ಕೆಟ್ಟ ಚಮಚ ಬಂದರೆ ಯಾವ ಗುಳಿಯದ್ದು ಅಂತ ಅದರಿಂದಲೇ ಹಿಡಿಯುತ್ತಿದ್ದರು. ಅಂಚಿನಲ್ಲಿ ಬಣ್ಣ ಬೇರೆಯಾಗಿ ಕಾಣುವ ಚುಕ್ಕೆ ಇದ್ದರೆ ಅಲ್ಲಿ ವೆಲ್ಡ್ ಹಾಕಿ ರಿಪೇರಿ ಮಾಡಿರಬಹುದು. ಚೂಪಾಗಿರಬೇಕಾದ ಅಂಚು ದುಂಡಗಾಗಿದ್ದರೆ ಅಲ್ಲಿಂದ ಪ್ಲಾಸ್ಟಿಕ್ ಸೋರಿ, ಚಮಚದ ಸುತ್ತ ತೆಳು ರೆಕ್ಕೆಯಂಥದ್ದು ಬರುತ್ತಿತ್ತು ಅಂತ ಅರ್ಥ. ಕೊಳ್ಳುವವರು ಇದನ್ನೆಲ್ಲ ದೋಷ ಅಂತಾರೆ. ನಾನಂತೂ ಇಂಥದ್ದನ್ನೇ ಹುಡುಕುತ್ತೇನೆ. ಲಕ್ಷಗಟ್ಟಲೆ ಸಲ ಬಾಯಿ ತೆರೆದು ಮುಚ್ಚಿದ್ದಕ್ಕೆ ಸಾಕ್ಷಿ ಅದು, ಅಲ್ವಾ?

ಹಾಗಾಗಿ ಉಜ್ಜಬೇಡಿ. ಎಮರಿ ಕಾಗದ, ಕಬ್ಬಿಣದ ಬ್ರಶ್ ಹತ್ತಿರವೂ ತರಬೇಡಿ. ಕನ್ನಡಿಯಂಥ ಆ ಹೊಳಪು ಯಾರೋ ದಿನಗಟ್ಟಲೆ ಕೂತು ಕೈಯಲ್ಲಿ ತಂದದ್ದು. ಮೇಲಿನ ತುಕ್ಕಿಗೆ ತೆಳು ಎಣ್ಣೆ ಹಚ್ಚಿ, ಒಂದು ರಾತ್ರಿ ಬಿಟ್ಟು, ಹತ್ತಿ ಬಟ್ಟೆಯಲ್ಲಿ ಒರೆಸಿ. ಅಂಟಿದ ಪ್ಲಾಸ್ಟಿಕ್ಕನ್ನು ಮರದ ಕಡ್ಡಿಯಿಂದ ಎಬ್ಬಿಸಿ. ಅದು ಪಾಲಿಸ್ಟೈರೀನ್ ಎಂಬ ಬಗೆಯದಾದರೆ ಅಸಿಟೋನ್ ದ್ರಾವಕಕ್ಕೆ ಮೆತ್ತಗಾಗುತ್ತದೆ, ಪಾಲಿಪ್ರೊಪಿಲೀನ್ ಬಗೆಯದು ಆಗಲ್ಲ. ಅಚ್ಚು ತಣ್ಣಗಾಗಲಿ ಅಂತ ನೀರು ಹರಿಸುತ್ತಿದ್ದ ತೂತುಗಳನ್ನು ಮರೀಬೇಡಿ. ಒಳಗೆ ಉಳಿದ ನೀರೇ ಉಕ್ಕನ್ನು ತಿನ್ನುವುದು. ಗಾಳಿ ಊದಿ ಒಣಗಿಸಿ, ಎಣ್ಣೆ ಬಿಡಿ.

ತಾಮ್ರದ ಬಣ್ಣದ ತುಂಡು ಕಂಡರೆ ಮಾತ್ರ ಹುಷಾರು. ಅದು ಬೆರಿಲಿಯಂ ತಾಮ್ರ, ಅಂದರೆ ಬೆರಿಲಿಯಂ ಎಂಬ ಲೋಹ ಬೆರೆಸಿದ ತಾಮ್ರ ಇರಬಹುದು. ಸುಮ್ನೆ ಮುಟ್ಟಿದರೆ ತೊಂದರೆಯಿಲ್ಲ, ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯ.

ಪ್ರಶ್ನೆ: ನನ್ನ ಹತ್ತಿರ ಇರುವ ಲೋಟದ ಅಚ್ಚು ಎಷ್ಟು ಹಳೆಯದು ಅಂತ ತಿಳಿಯುವುದು ಹೇಗೆ?

ಉತ್ತರ: ಅಚ್ಚಿನಲ್ಲಿ ಲೋಟದ ತಳ ಮೂಡುವ ಜಾಗ ನೋಡಿ. ಬಾಣಗಳ ತ್ರಿಕೋನದೊಳಗೆ 5 ಅಥವಾ 6 ಇದ್ದರೆ, ಪ್ಲಾಸ್ಟಿಕ್ ಯಾವ ಬಗೆಯದು ಅಂತ ಹೇಳುವ ಆ ಗುರುತು 1988ಕ್ಕಿಂತ ಹಿಂದಿನದಲ್ಲ. ಆ ವರ್ಷವೇ ಅದು ಬಳಕೆಗೆ ಬಂದದ್ದು. ಆಮೇಲೆ ಕೊರೆದು ಸೇರಿಸಿರಲೂಬಹುದು, ಹಾಗಾಗಿ ಅಚ್ಚು ಇನ್ನೂ ಹಳೆಯದಿರಬಹುದು. ಕೆಲವದರಲ್ಲಿ ಪುಟ್ಟ ಗಡಿಯಾರದಂಥ ಬಿಲ್ಲೆ ಇರುತ್ತದೆ: ಸುತ್ತ 1ರಿಂದ 12, ನಡುವೆ ಬಾಣ, ಪಕ್ಕ ವರ್ಷ. ಅದು ತೋರಿಸುವುದು ಅಚ್ಚು ಹುಟ್ಟಿದ ದಿನವನ್ನಲ್ಲ. ಲೋಟ ತಯಾರಾದ ತಿಂಗಳು ಗೊತ್ತಾಗಲಿ ಅಂತ ಬಾಣವನ್ನು ತಿರುಗಿಸುತ್ತಾ ಇದ್ದರು. ನಿಮ್ಮ ಬಾಣ ನಿಂತಿರುವ ತಿಂಗಳು ಬಹುಶಃ ಅದರ ಕೊನೆಯ ಪಾಳಿಯದ್ದು. ದಯವಿಟ್ಟು ಅದನ್ನು ತಿರುಗಿಸಬೇಡಿ.