ಓದುಗರ ಪ್ರಶ್ನೆ: ಬ್ರೌನ್ಸ್ ಅಂದ್ರ ಯಾರು?

ಪ್ರಶ್ನೆ: ಮಗಳು ಅಮೆರಿಕಾದ ಕ್ಲೀವ್‌ಲ್ಯಾಂಡಿನಾಗ ಅದಾಳ್ರಿ. ಅಳಿಯ 'ಬ್ರೌನ್ಸ್' ಅನ್ನೂ ಫುಟ್‌ಬಾಲ್ ತಂಡದ ಒಂದು ಮ್ಯಾಚೂ ಬಿಡೂದಿಲ್ಲ. 1950ರ ತಂಡದಂಥಾದ್ದು ಮತ್ತೊಂದಿಲ್ಲ ಅಂತಾನ. ಅದು ಮೈಬಣ್ಣದಿಂದ ಬಂದ ಹೆಸರೇನ್ರಿ? ಆ ವರ್ಷ ಅಂಥಾದ್ದೇನಾತು?
– ಓದುಗ ತಾಯಿ, ಹಾವೇರಿ

ಉತ್ತರ: ಮೈಬಣ್ಣದ್ದಲ್ರೀ ಅಕ್ಕಾರ, ಕೋಚ್ ಪಾಲ್ ಬ್ರೌನ್ ಅವರ ಹೆಸರದು. ಆದ್ರ ನೀವು ಬಣ್ಣದ ಮಾತು ಎತ್ತಿದ್ದು ಚಲೋ ಆತು. ಮಹಾಯುದ್ಧ ಮುಗಿದ ಮರುವರ್ಷ, 1946ರಾಗ, ತಂಡ ಮೊದಲ ಸಲ ಮೈದಾನಕ್ಕ ಇಳಿದಾಗಲೇ ಬ್ರೌನ್ ಇಬ್ಬರು ಕಪ್ಪು ಆಟಗಾರರನ್ನ ಆಡಿಸಿದ್ರು: ಮೇರಿಯನ್ ಮಾಟ್ಲಿ, ಬಿಲ್ ವಿಲ್ಲಿಸ್. ಆ ವರ್ಷ ಮಯಾಮಿಯ ಮ್ಯಾಚಿಗೆ ಮಾತ್ರ ಇಬ್ಬರನ್ನೂ ಕರಕೊಂಡು ಹೋಗಲಿಕ್ಕಾಗಲಿಲ್ಲ. ಬಿಳಿಯರ ಜೋಡಿ ಅವರು ಆಡೂದಕ್ಕ ಅಲ್ಲಿ ಕಾಯ್ದೆ ಅಡ್ಡ ಬಂತು. ಇದನ್ನ ಓದಿದಾಗೆಲ್ಲ ನನಗ ಹೊಟ್ಯಾಗ ಸಂಕಟ ಆಗತೈತಿ.

ಆಗ ಅವರು ಆಡ್ತಿದ್ದದ್ದು ಹೊಸಾ ಲೀಗಿನಾಗ. ಅದು ನಡೆದ ನಾಲ್ಕೂ ವರ್ಷ ಇವರೇ ಗೆದ್ರು, 1948ರಾಗ ಒಂದೂ ಮ್ಯಾಚ್ ಸೋಲಲಿಲ್ಲ. ಆದ್ರೂ ಎನ್‌ಎಫ್‌ಎಲ್ ಅನ್ನೂ ಹಳೇ ದೊಡ್ಡ ಲೀಗಿನ ಮಂದಿ ಇವರನ್ನ ಲೆಕ್ಕಕ್ಕ ಹಿಡೀಲಿಲ್ಲ. 1950ಕ್ಕ ಎನ್‌ಎಫ್‌ಎಲ್ ಸೇರಿದ್ರು ನೋಡ್ರಿ, ಮೊದಲ ಮ್ಯಾಚೇ ಎರಡು ವರ್ಷದ ಚಾಂಪಿಯನ್ ಫಿಲಡೆಲ್ಫಿಯಾ ಈಗಲ್ಸ್ ಜೋಡಿ, ಅವರ ಊರಾಗ, 71,237 ಮಂದಿ ಮುಂದ. ಬ್ರೌನ್ಸ್ 35–10ರಿಂದ ಗೆದ್ರು.

ಹನ್ನೆರಡು ಮ್ಯಾಚಿನಾಗ ಸೋತದ್ದು ಎರಡೇ, ಎರಡೂ ನ್ಯೂಯಾರ್ಕ್ ಜೈಂಟ್ಸ್ ಕೈಯಾಗ. ಅವರದೂ ಅಷ್ಟೇ ಗೆಲುವು ಇದ್ದದ್ದಕ್ಕ ಮತ್ತೊಂದು ಮ್ಯಾಚ್ ಆಡಬೇಕಾತು. ನನಗ ಜೀವ ಅಂದ್ರ ಆ ಮ್ಯಾಚು. ಹೆಸರು ಫುಟ್‌ಬಾಲ್ ಆದ್ರೂ ಚೆಂಡು ಅಪ್ಪಿಕೊಂಡು ಎದುರಿನ ಗೆರೆ ದಾಟೂ ಆಟ ಅದು. ಜೈಂಟ್ಸ್‌ನ ಜೀನ್ ರಾಬರ್ಟ್ಸ್ ಚೆಂಡು ತಗೊಂಡು ಓಡೇಬಿಟ್ಟ. ವಿಲ್ಲಿಸ್ ಸಾಲಿನ ನಟ್ಟನಡುವ ನಿಂತು ಗುದ್ದಾಡೂ ಆಟಗಾರ, ಅಂಥವರಿಂದ ಯಾರೂ ಓಟ ಬಯಸೂದಿಲ್ಲ. ಆದ್ರೂ ಬೆನ್ನು ಹತ್ತಿ, ಗೆರೆಯ ಹತ್ತಿರ ಹೋದಾಗ ಕೆಡವಿದ. ಬ್ರೌನ್ಸ್ ಗೆದ್ದದ್ದು 8–3ರಿಂದ, ಅದೊಂದು ಓಟ ತಪ್ಪಿದ್ರ ಮ್ಯಾಚು ಕೈಬಿಡ್ತಿತ್ತು. ಧಾರವಾಡದಾಗ ಮೂವತ್ತು ವರ್ಷ ಪಿ.ಟಿ. ಮಾಸ್ತರಾಗಿದ್ದೆ ನಾನು. ಖೋ-ಖೋದಾಗ "ಮುಂದಿನವ ಸಿಗೂದಿಲ್ರೀ ಸರ" ಅಂತ ನಿಂತುಬಿಡೂ ಹುಡುಗೂರನ್ನ ಕೂಡ್ರಿಸಿಕೊಂಡು ವಿಲ್ಲಿಸ್ ಕಥಿ ಹೇಳ್ತಿದ್ದೆ.

ಫೈನಲ್ ಡಿಸೆಂಬರ್ 24ಕ್ಕ, ಕ್ಲೀವ್‌ಲ್ಯಾಂಡಿನಾಗ. ಎದುರಿಗೆ ಲಾಸ್ ಏಂಜಲೀಸ್ ರ್‍ಯಾಮ್ಸ್. ಆ ತಂಡ ಮೊದಲು ಕ್ಲೀವ್‌ಲ್ಯಾಂಡಿಂದೇ ಆಗಿತ್ತು, 1945ರಾಗ ಚಾಂಪಿಯನ್ ಆಗಿ ಮುಂದಿನ ವರ್ಷ ಊರು ಬಿಟ್ಟು ಹೋತು. ಬಿಟ್ಟು ಹೋದವರು ತಿರುಗಿ ಬಂದು 28–27ರಿಂದ ಮುಂದಿದ್ದಾಗ ಆ ಊರ ಮಂದಿಗೆ ಹೆಂಗಾಗಿರಬೇಕು! 28 ಸೆಕೆಂಡ್ ಉಳಿದಾಗ ಬ್ರೌನ್ಸ್‌ನ ಲೂ ಗ್ರೋಜಾ 16 ಗಜದಿಂದ ಚೆಂಡನ್ನ ಗೋಲಿನ ಕಂಬಗಳ ನಡುವ ಒದ್ದ, ಅದಕ್ಕ ಮೂರು ಪಾಯಿಂಟ್. 30–28.

ಅಳಿಯಂದ್ರಿಗೆ ಗ್ರೋಜಾ ಹೆಸರು ಗೊತ್ತೇ ಇರತೈತಿ. ಮುಂದಿನ ಸಲ ಫೋನ್ ಬಂದಾಗ ವಿಲ್ಲಿಸ್ ಓಡಿದ್ದು ಗೊತ್ತೈತೇನು ಅಂತ ಕೇಳ್ರಿ.