ಕಥೆ ಮೊದಲು, ಚಾರ್ಟು ಆಮೇಲೆ

ಪ್ರಶ್ನೆ: ನಾನು ಕಾಸರಗೋಡಿನ ಕುಂಬಳೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಒಂಬತ್ತನೇ ತರಗತಿಯಲ್ಲಿ 34 ಮಕ್ಕಳಿದ್ದಾರೆ. ಮನೆಯಲ್ಲಿ ಕೆಲವರು ತುಳು, ಕೆಲವರು ಮಲಯಾಳಂ, ಇನ್ನು ಕೆಲವರು ಮರಾಠಿ, ಬ್ಯಾರಿ, ಹವ್ಯಕ ಮಾತಾಡುವವರು. ಕಥೆ ಬರೆಸಲು ನೆಟ್ಟಿನಿಂದ ಗುಡ್ಡದ ಆಕಾರದ ಚಾರ್ಟು ತೆಗೆದು ಪ್ರಿಂಟ್ ಮಾಡಿ ಕೊಟ್ಟೆ. ಆರಂಭ, ಏರಿಕೆ, ಶಿಖರ, ಇಳಿಕೆ, ಮುಕ್ತಾಯ ಅಂತ ಅದರಲ್ಲಿ ಐದು ಖಾನೆ. ಎಲ್ಲರೂ ಚಂದ ತುಂಬಿಸಿದರು. ಆದರೆ 34 ಕಥೆಯೂ ಒಂದೇ ತರ! "ಒಂದು ಊರಿನಲ್ಲಿ ಒಬ್ಬ ಬಡ ರೈತನಿದ್ದ" ಅಂತ ಶುರು, "ನೀತಿ" ಅಂತ ಕೊನೆ. ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಗುತ್ತದೆ? ದುಡ್ಡು ಕೊಟ್ಟು ತರಿಸಬೇಕಾ?

ಉತ್ತರ: ಟೀಚರ್, ದುಡ್ಡು ಕೊಡಬೇಡಿ. ಚಾರ್ಟನ್ನು ಬಿಸಾಡುವುದೂ ಬೇಡ, ಒಂದು ತಿಂಗಳು ಕಪಾಟಿನಲ್ಲಿ ಇಡಿ. ಅದು ತಪ್ಪು ಚಾರ್ಟಲ್ಲ, ಬಂದ ಹೊತ್ತು ತಪ್ಪು ಅಷ್ಟೇ.

ಆ ಗುಡ್ಡ ಎಲ್ಲಿಂದ ಬಂತು ಗೊತ್ತಾ? ಜರ್ಮನಿಯ ಗುಸ್ತಾವ್ ಫ್ರೈಟಾಗ್ ಎಂಬ ಬರಹಗಾರ 1863ರಲ್ಲಿ ಅದನ್ನು ಕೊಟ್ಟದ್ದು. ಅದೂ ಐದು ಅಂಕದ ನಾಟಕಗಳನ್ನು ಬಿಡಿಸಿ ನೋಡುವುದಕ್ಕೆ. ಅಂದರೆ ಬರೆದು ಮುಗಿದದ್ದನ್ನು ಅರ್ಥ ಮಾಡಿಕೊಳ್ಳುವ ಉಪಾಯ ಅದು. ನಾವು ಅದನ್ನೇ ಇನ್ನೂ ಹುಟ್ಟದ ಕಥೆಗೆ ಅಚ್ಚು ಮಾಡಿ ಹದಿನಾಲ್ಕು ವರ್ಷದ ಮಗುವಿನ ಕೈಗೆ ಕೊಟ್ಟರೆ, ಮಗು ಖಾಲಿ ಖಾನೆ ನೋಡುತ್ತದೆ, ಟೀಚರಿಗೆ ಇಷ್ಟವಾಗುವ ಒಂದು ಮಾತು ಹುಡುಕಿ ಅಲ್ಲಿ ತುಂಬಿಸುತ್ತದೆ. ಬಡ ರೈತ ಬರುವುದು ಹಾಗೆ.

ಮೊದಲು ಕಥೆ ಬಾಯಲ್ಲಿ ಬರಲಿ. ಅದೂ ಮನೆಮಾತಿನಲ್ಲಿ. ಇದು ನನ್ನ ಗಟ್ಟಿ ಅಭಿಪ್ರಾಯ, ಎಷ್ಟೋ ವರ್ಷ ಮಕ್ಕಳ ಕಥಾ ಕಮ್ಮಟ ನಡೆಸಿದ ಮೇಲೆ ಬಂದದ್ದು. ಇಬ್ಬಿಬ್ಬರನ್ನು ಕೂರಿಸಿ, ಹತ್ತು ನಿಮಿಷ ಕೊಡಿ. ತುಳುವಿನಲ್ಲೋ ಬ್ಯಾರಿಯಲ್ಲೋ ಒಬ್ಬರು ಹೇಳಲಿ, ಇನ್ನೊಬ್ಬರು ಕೇಳಲಿ, ಅರ್ಥವಾಗದಿದ್ದರೆ ಅಲ್ಲೇ ಪ್ರಶ್ನೆ ಹಾಕಲಿ. ಆಮೇಲೆ ಕನ್ನಡದಲ್ಲಿ ಬರೆಯಲಿ. ಮಾತುಕತೆಯ ಸಾಲು ತುಳುವಿನಲ್ಲೇ ಉಳಿದರೆ ಉಳಿಯಲಿ ಬಿಡಿ, ನಮ್ಮ ಊರಲ್ಲಿ ಜನ ಮಾತಾಡುವುದೇ ಹಾಗಲ್ವಾ? "ಕನ್ನಡ ಸರಿ ಇಲ್ಲ" ಅಂತ ಮೊದಲ ಪುಟಕ್ಕೇ ಕೆಂಪು ಪೆನ್ನು ಹಾಕಿದರೆ ಆ ಮಗು ಮತ್ತೆ ತನಗೆ ಗೊತ್ತಿರುವ ಪದಗಳಲ್ಲೇ ಸುರಕ್ಷಿತವಾಗಿ ಕೂತುಬಿಡುತ್ತದೆ. ಕಾಗುಣಿತ ತಿದ್ದುವುದು ಕೊನೆಯ ಪ್ರತಿಯಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಕಮ್ಮಟದಲ್ಲಿ ಪೆರ್ಲದ ಕಡೆಯ ಹುಡುಗನೊಬ್ಬ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ತೋಡುವ ಸುರಂಗದ ಬಗ್ಗೆ ಹೀಗೆ ಬರೆದಿದ್ದ: "ನಮ್ಮ ಅಜ್ಜ ಸುರಂಗ ತೋಡಿದರು. ಆಮೇಲೆ ನೀರು ಬಂತು. ಆಮೇಲೆ ಅಡಿಕೆ ತೋಟ ಮಾಡಿದರು. ನೀತಿ: ಕಷ್ಟಪಟ್ಟರೆ ಫಲ ಉಂಟು." ನಾಲ್ಕೇ ಸಾಲು. ನಾನು ಅವನ ಪಕ್ಕ ಕೂತು ಕೇಳಿದೆ, ನೀರು ಬೇಗ ಸಿಕ್ಕಿತಾ? ಇಲ್ಲ, ಮೂವತ್ತು ಕೋಲು ಒಳಗೆ ಹೋದರೂ ಒಣ ಮುರಕಲ್ಲೇ ಅಂದ. ಹಾಗಾದರೆ ಅಜ್ಜ ಯಾಕೆ ನಿಲ್ಲಿಸಲಿಲ್ಲ? ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ಕೂಲಿ ಕೊಡುವುದಕ್ಕೆ ಅಜ್ಜಿಯ ಬೆಂಡೋಲೆ ಅಡವಿಟ್ಟಿದ್ದರಂತೆ, ನಿಲ್ಲಿಸಿದರೆ ಅಜ್ಜಿಗೆ ಏನು ಹೇಳುವುದು ಅಂತ. ಅಜ್ಜಿ ಅಷ್ಟು ದಿನ ಅಜ್ಜನ ಹತ್ತಿರ ಮಾತೇ ಆಡಿರಲಿಲ್ಲವಂತೆ.

ಕಥೆ ಅಲ್ಲಿತ್ತು, ಟೀಚರ್! ಚಾರ್ಟಿನ ಯಾವ ಖಾನೆಯೂ ಅದನ್ನು ಹೊರಗೆ ತರುತ್ತಿರಲಿಲ್ಲ. ಅವನು ಎರಡನೇ ಸಲ ಬರೆದಾಗ ಅಜ್ಜಿಯ ಖಾಲಿ ಕಿವಿಯಿಂದ ಶುರು ಮಾಡಿದ. ಕೊನೆಯಲ್ಲಿ ನೀರು ಬಂದ ದಿನ ಅಜ್ಜಿ ಒಂದು ಕೊಡಪಾನ ತುಂಬಿಸಿ ತಂದು ಅಜ್ಜನ ಮುಂದೆ ಇಡುತ್ತಾರೆ, ಮಾತು ಮಾತ್ರ ಆಡುವುದಿಲ್ಲ. ನೀತಿ ಬರೆಯುವುದಕ್ಕೆ ಅವನಿಗೇ ನೆನಪಾಗಲಿಲ್ಲ.

ಇದರಿಂದ ನಾನು ಮಾಡಿಕೊಂಡ ಸಾಮಗ್ರಿ ಅಂದರೆ "ಆಮೇಲೆ" ಪರೀಕ್ಷೆ. ಮಕ್ಕಳು ತಮ್ಮ ಕಥೆಯಲ್ಲಿ "ಆಮೇಲೆ", "ನಂತರ" ಬಂದಲ್ಲೆಲ್ಲ ಸುತ್ತು ಹಾಕಲಿ. ಅಲ್ಲಿ "ಆದರೆ" ಅಥವಾ "ಹಾಗಾಗಿ" ಹಾಕಲು ಆಗುತ್ತದಾ ಅಂತ ನೋಡಲಿ. ಸುರಂಗ ತೋಡಿದರು, ಆದರೆ ನೀರು ಬರಲಿಲ್ಲ, ಹಾಗಾಗಿ ಬೆಂಡೋಲೆ ಅಡವಿಟ್ಟರು. ಹಾಕಲು ಆಗದಿದ್ದರೆ ಎರಡು ಘಟನೆಗೆ ಸಂಬಂಧವೇ ಇಲ್ಲ ಅಂತ ಅರ್ಥ, ಒಂದನ್ನು ತೆಗೆಯಬೇಕು ಅಥವಾ ಮಧ್ಯೆ ಏನೋ ಬರೆಯಬೇಕು. ಕಥೆಯ ಕಟ್ಟೋಣ ಅಂದರೆ ಮುಖ್ಯವಾಗಿ ಇದೇ. ಒಂದು ಪೀರಿಯಡ್ ಸಾಕು.

ಕ್ಲಾಸಿಗೆ ಒಂದು ಉದ್ದ ಹಗ್ಗ, ಬಟ್ಟೆ ಒಣಗಿಸುವ ಕ್ಲಿಪ್ಪು ತನ್ನಿ. ಮಕ್ಕಳಿಗೆ ಗೊತ್ತಿರುವ ಒಂದು ಕಥೆಯನ್ನು ಹನ್ನೆರಡು ಚೀಟಿ ಮಾಡಿ ಕಲಸಿ ಕೊಡಿ. ಹಗ್ಗದಲ್ಲಿ ಸಾಲಾಗಿ ಸಿಕ್ಕಿಸಲಿ, ಜಗಳವಾಡಲಿ. ಯಾವ ಚೀಟಿ ತೆಗೆದರೆ ಕಥೆ ಬೀಳುತ್ತದೆ, ಯಾವುದು ತೆಗೆದರೂ ಬೀಳುವುದಿಲ್ಲ? ಕೊನೆಯ ಚೀಟಿಯನ್ನು ಮೊದಲಿಗೆ ಹಾಕಿದರೆ ಏನಾಗುತ್ತದೆ? ಇಷ್ಟು ಆಡಿದ ಮೇಲೆ ನಿಮ್ಮ ಗುಡ್ಡದ ಚಾರ್ಟು ಹೊರಗೆ ತೆಗೆಯಿರಿ. ಆಗ ಅವರಿಗೆ ಅದು ಗುರುತು ಸಿಗುತ್ತದೆ. ಜೊತೆಗೆ ಇನ್ನೆರಡು ಆಕಾರವನ್ನೂ ತೋರಿಸಿ, ಇಲ್ಲದಿದ್ದರೆ ಗುಡ್ಡ ಒಂದೇ ದಾರಿ ಅಂದುಕೊಳ್ಳುತ್ತಾರೆ. ನಮ್ಮ ನಾಟ್ಯಶಾಸ್ತ್ರದಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಅಂತ ಐದು ಸಂಧಿ, ಅಂದರೆ ಕಥೆಯ ಘಟ್ಟ ಉಂಟು, ಬೀಜ ಬಿತ್ತಿ ಫಲ ಬರುವ ತನಕದ ದಾರಿ ಅದು. ಜಪಾನಿನವರದ್ದು ನಾಲ್ಕು ಹೆಜ್ಜೆ, ಕಿ, ಶೋ, ತೆನ್, ಕೆತ್ಸು, ಅಂದರೆ ಆರಂಭ, ಬೆಳವಣಿಗೆ, ತಿರುವು, ಮುಕ್ತಾಯ. ಚೀನೀ ಕವಿತೆಯಿಂದ ಬಂದದ್ದು. ಅದರಲ್ಲಿ ಜಗಳ, ಶತ್ರು ಇರಲೇಬೇಕೆಂದಿಲ್ಲ, ಮೂರನೇ ಹೆಜ್ಜೆಯಲ್ಲಿ ಅನಿರೀಕ್ಷಿತ ತಿರುವು ಬಂದರೆ ಸಾಕು. ಅಲ್ಲಿನ ನಾಲ್ಕು ಚೌಕದ ಕಾಮಿಕ್ಸಿನಲ್ಲೂ ಇದೇ ಕ್ರಮ. ಬರೆಯಲು ಹಿಂಜರಿಯುವ ಮಕ್ಕಳಿಗೆ ಒಂದು ಕಾಗದವನ್ನು ನಾಲ್ಕಾಗಿ ಮಡಚಿ ಕೊಡಿ, ಚಿತ್ರ ಬಿಡಿಸಿಯಾದರೂ ಕಥೆ ಹೇಳುತ್ತಾರೆ.

ಪಾತ್ರ ಮಾಡಿಸುವುದಕ್ಕೆ ನಮ್ಮ ಊರಲ್ಲೇ ದೊಡ್ಡ ಉಪಾಯ ಉಂಟಲ್ವಾ, ತಾಳಮದ್ದಳೆ! ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆಯಲ್ಲಿ ಕೂತು ನಾವು ಅದನ್ನು ಮರೆತು ಹೊರಗಿನ ವರ್ಕ್‌ಶೀಟ್ ಹುಡುಕುವುದು ನನಗೆ ಬೇಸರ ತರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ, ಎದುರಿನವರ ಪ್ರಶ್ನೆಗೆ ಅಲ್ಲೇ ಉತ್ತರ ಹುಡುಕುತ್ತಾರೆ. ಅದನ್ನೇ ಮಾಡಿಸಿ. ಅಜ್ಜನಾಗಿ ಒಬ್ಬ, ಅಜ್ಜಿಯಾಗಿ ಒಬ್ಬಳು, ಎದುರೆದುರು ಕೂರಲಿ. "ನನ್ನ ಬೆಂಡೋಲೆ ಯಾಕೆ ಕೇಳದೆ ತೆಗೆದಿರಿ?" ಇದಕ್ಕೆ ಅಜ್ಜ ಏನು ಹೇಳುತ್ತಾನೆ? ಐದು ನಿಮಿಷ ಹೀಗೆ ವಾದ ಮಾಡಿದ ಮಗು ಬರೆಯುವಾಗ "ಅಜ್ಜಿಗೆ ಸಿಟ್ಟು ಬಂತು" ಅಂತ ಮಾತ್ರ ಬರೆಯುವುದಿಲ್ಲ. ಆ ಸಿಟ್ಟಿನ ಮಾತೇ ಅದರ ಬಾಯಲ್ಲಿ ಇರುತ್ತದೆ.

ಓದಿಸಲು ಬೇಕಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ವೆಬ್‌ಸೈಟ್ ನೋಡಿ. 2015ರಲ್ಲಿ ಶುರುವಾದದ್ದು. ಕನ್ನಡ ಕಥೆಗಳು ಬೇಕಾದಷ್ಟು ಇವೆ, ಉಚಿತ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಪ್ರಿಂಟ್ ಮಾಡಬಹುದು, ಬದಲಾಯಿಸಿ ಬರೆಯಲೂಬಹುದು. ಹೆಚ್ಚಿನವು ಚಿಕ್ಕ ಮಕ್ಕಳಿಗೆ ಬರೆದವು, "ಇದು ಬೇಬಿ ಕಥೆ" ಅಂತ ನಿಮ್ಮವರು ಮೂಗು ಮುರಿಯಬಹುದು. ಹಾಗಾಗಿ ಕೆಲಸ ಬದಲಾಯಿಸಿ: ಅಲ್ಲಿನ ಚಿತ್ರಗಳಿಗೆ ಹೊಸ ಕಥೆ ಬರೆದು ಹತ್ತಿರದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಮಕ್ಕಳಿಗೆ ಓದಿ ಹೇಳಬೇಕು. ಏಳು ವರ್ಷದ ಮಗುವಿಗೆ ಬೇಜಾರಾದರೆ ಅದು ಎದ್ದು ಆಚೆ ಹೋಗುತ್ತದೆ. ಕಥೆ ಎಲ್ಲಿ ಎಳೆಯಿತು ಅಂತ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ತಮ್ಮದೇ ವಯಸ್ಸಿನವರ ಬರಹ ಬೇಕಾದರೆ ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನವರ ಸ್ಕೂಲ್ ವಿಕಿ ಎಂಬ ವೆಬ್‌ಸೈಟಿನಲ್ಲಿ 2020ರ ಲಾಕ್‌ಡೌನಿನಲ್ಲಿ ಕೇರಳದ ಮಕ್ಕಳು ಬರೆದ ಅಕ್ಷರವೃಕ್ಷಂ ಬರಹಗಳು ಇವೆ.

ಒಂದು ಎಚ್ಚರಿಕೆ. ಹೀಗೆ ಬರೆಸಿದರೆ ನಿಜವಾದ ಸಂಗತಿ ಹೊರಗೆ ಬರುತ್ತದೆ, ಅಪ್ಪನ ಕುಡಿತ, ಮನೆಯ ಸಾಲ, ಗಲ್ಫಿನಿಂದ ಬಾರದೆ ಉಳಿದವರು. ಮೊದಲೇ ಹೇಳಿಬಿಡಿ, ಬೇಡವಾದ ಪುಟ ಮಡಚಿ ಕೊಡಬಹುದು, ಮಡಚಿದ್ದನ್ನು ಕ್ಲಾಸಿನಲ್ಲಿ ಓದುವುದಿಲ್ಲ ಅಂತ. ಆದರೆ ಮಗುವಿಗೆ ಯಾರೋ ತೊಂದರೆ ಕೊಡುತ್ತಿದ್ದಾರೆ ಅಂತ ಅನಿಸಿದರೆ ಅದನ್ನು ಕಥೆ ಅಂತ ಬಿಡಬೇಡಿ. ಶಾಲೆಯ ಕೌನ್ಸಿಲರ್ ಇದ್ದರೆ ಅವರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098 ಉಂಟು. "ಯಾರಿಗೂ ಹೇಳುವುದಿಲ್ಲ" ಅಂತ ಮಾತ್ರ ಮಾತು ಕೊಡಬೇಡಿ.

ಪ್ರಶ್ನೆ: ನಾನು ಬದಿಯಡ್ಕದ ಪ್ಲಸ್ ವನ್ ವಿದ್ಯಾರ್ಥಿನಿ. ಕಥೆ ಶುರು ಮಾಡುತ್ತೇನೆ, ಎರಡನೇ ಪುಟದಲ್ಲಿ ನಿಂತುಬಿಡುತ್ತದೆ. ನೋಟ್‌ಬುಕ್ಕಿನಲ್ಲಿ ಇಂಥವು ಹನ್ನೊಂದು ಇವೆ. ರಚನೆ ಕಲಿಯದಿದ್ದದ್ದೇ ಕಾರಣವಾ? ಗೆಳತಿ ಚಾಟ್‌ಜಿಪಿಟಿಗೆ ಕೊಟ್ಟು ಮುಗಿಸು ಅನ್ನುತ್ತಾಳೆ.

ಉತ್ತರ: ಅದಕ್ಕೆ ಕೊಡಬೇಡಮ್ಮ. ಮುಗಿಸಿ ಕೊಡುತ್ತದೆ, ಆದರೆ ನೀನು ಎಲ್ಲಿ, ಯಾಕೆ ನಿಂತೆ ಅಂತ ನಿನಗೆ ಕೊನೆಗೂ ಗೊತ್ತಾಗುವುದಿಲ್ಲ. ಹನ್ನೊಂದು ಶುರು ಇದೆ ಅಂದರೆ ಅದು ಸಣ್ಣ ಸಂಗತಿಯಲ್ಲ.

ಎರಡನೇ ಪುಟದಲ್ಲಿ ನಿಲ್ಲುವುದಕ್ಕೆ ನಾನು ಜಾಸ್ತಿ ನೋಡಿದ ಕಾರಣ ಒಂದೇ. ಊರು, ಮಳೆ, ಮನೆ ಎಲ್ಲ ಚಂದ ಬಂದಿರುತ್ತದೆ, ಆದರೆ ಪಾತ್ರಕ್ಕೆ ಏನು ಬೇಕು ಅಂತ ಬರೆದವರಿಗೇ ಗೊತ್ತಿರುವುದಿಲ್ಲ. ದೊಡ್ಡದು ಬೇಕಾಗಿಲ್ಲ. ಕಾಸರಗೋಡಿಗೆ ಹೋಗುವ ಕೊನೆಯ ಬಸ್ಸು ಸಿಗಬೇಕು, ಅಷ್ಟೇ ಆದರೂ ಸಾಕು. ಬಸ್ಸು ಹೊರಡುವ ಹೊತ್ತಿಗೆ ಅವಳನ್ನು ನಿಲ್ಲಿಸುವವರು ಯಾರು, ಅವರನ್ನು ಬಿಟ್ಟು ಹೋಗಲು ಅವಳಿಗೆ ಯಾಕೆ ಕಷ್ಟ? ಅಲ್ಲಿಗೆ ಮೂರನೇ ಪುಟ ಬಂತು.

ಈ ವಾರ ಹೊಸದು ಶುರು ಮಾಡಬೇಡ. ಹನ್ನೊಂದರಲ್ಲಿ ನಿನಗೆ ತುಂಬ ಇಷ್ಟವಾದದ್ದು ಬೇಡ, ನಾಲ್ಕನೆಯದೋ ಐದನೆಯದೋ ತೆಗೆದುಕೋ, ಇಷ್ಟವಾದದ್ದನ್ನು ಕೆಡಿಸಲು ಹೆದರಿಕೆಯಾಗುತ್ತದೆ. ಮೇಲೆ ಒಂದು ಸಾಲು ಬರೆ: "ಇವಳಿಗೆ ... ಬೇಕು, ಆದರೆ ..." ಅಂತ. ಆಮೇಲೆ ಕೊನೆಯ ದೃಶ್ಯವನ್ನು ಮೊದಲು ಬರೆದುಬಿಡು, ಅರ್ಧ ಪುಟ. ಮಧ್ಯದ್ದನ್ನು ಆಮೇಲೆ ತುಂಬಿಸು. ಮುಗಿದದ್ದನ್ನು ಒಬ್ಬರಿಗೆ ಜೋರಾಗಿ ಓದಿ ಹೇಳು, ಆ ಗೆಳತಿಗೇ ಆಗಬಹುದು.