ಕೈಕಟ್ಟಿ ನಿಲ್ಲುವುದನ್ನೂ ಕಲಿಸಬೇಕು

ಓದುಗರ ಪತ್ರ: ನಮ್ಮ ಸ್ಕೌಟ್ ದಳದಲ್ಲಿ 11ರಿಂದ 15 ವರ್ಷದ 28 ಮಕ್ಕಳಿದ್ದಾರೆ. ತರಬೇತಿ ಪಡೆದ ನಾಯಕರು ಇಬ್ಬರೇ. ಐವರು ಪೋಷಕರು ಸ್ವಯಂಸೇವಕರಾಗಿ ಬರಲು ಒಪ್ಪಿದ್ದಾರೆ. ಒಂದು ಭಾನುವಾರ ಇಡೀ ದಿನ ಕೂರಿಸಿಕೊಂಡು ಅವರಿಗೆ ಚಳವಳಿಯ ಇತಿಹಾಸ, ಪ್ರತಿಜ್ಞೆ, ನಿಯಮ, ಗಂಟುಗಳು ಎಲ್ಲವನ್ನೂ ಹೇಳಿಕೊಟ್ಟೆವು. ಆದರೂ ವಾರದ ಸಭೆಯಲ್ಲಿ ಇಬ್ಬರು ಗೋಡೆಗೊರಗಿ ನಿಂತುಬಿಡುತ್ತಾರೆ, ಇಬ್ಬರು ಮಕ್ಕಳ ಕೆಲಸವನ್ನೆಲ್ಲ ತಾವೇ ಮಾಡಿ ಮುಗಿಸುತ್ತಾರೆ, ಒಬ್ಬರು ಮಾತುಮಾತಿಗೂ ರೇಗುತ್ತಾರೆ. ಶಿಬಿರಕ್ಕೆ ಇನ್ನು ನಾಲ್ಕು ತಿಂಗಳಿದೆ. ನಾವು ಎಡವಿದ್ದೆಲ್ಲಿ?

ಸಂಪಾದಕರ ಉತ್ತರ:

ಭಾನುವಾರದ ಪಾಠ ವ್ಯರ್ಥವಾಯಿತೆಂದು ಬೇಸರ ಮಾಡಿಕೊಳ್ಳಬೇಡಿ. ಒಂದು ದಿನದ ಪಾಠದಿಂದ ಮಾಹಿತಿ ಸಿಗುತ್ತದೆ, ರೂಢಿ ಬರುವುದಿಲ್ಲ. ಸ್ಕೌಟ್‌ಗೆ ಏನೇನು ಗೊತ್ತಿರಬೇಕೋ ಅದನ್ನು ನೀವು ಅವರಿಗೆ ಕಲಿಸಿದಿರಿ. ಸ್ಕೌಟ್‌ಗಳ ನಡುವೆ ನಿಂತ ದೊಡ್ಡವರು ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎಂಬುದು ಉಳಿದುಹೋಯಿತು. ಗೋಡೆಗೊರಗುವವರಿಗೆ ತಮ್ಮ ಕೆಲಸ ಯಾವುದೆಂದು ಗೊತ್ತಿಲ್ಲ. ಎಲ್ಲವನ್ನೂ ತಾವೇ ಮಾಡುವವರಿಗೆ ತಮ್ಮದಲ್ಲದ ಕೆಲಸ ಯಾವುದೆಂದು ಗೊತ್ತಿಲ್ಲ.

1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಪ್ರಾಯೋಗಿಕ ಶಿಬಿರದಲ್ಲೇ ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ, ಅಂದರೆ ಚಿಕ್ಕ ತಂಡಗಳಾಗಿ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಿದ್ದರು. ನಿಮ್ಮ 28 ಮಕ್ಕಳೂ ಏಳೇಳು ಮಂದಿಯ ನಾಲ್ಕು ಪೆಟ್ರೋಲ್ ಆಗಬೇಕು, ಅವುಗಳನ್ನು ನಡೆಸುವವರು ಪೆಟ್ರೋಲ್ ಲೀಡರ್‌ಗಳೇ ಆಗಬೇಕು. ಸ್ವಯಂಸೇವಕರನ್ನು ಪೆಟ್ರೋಲ್‌ಗೊಬ್ಬರಂತೆ ಹಂಚಿಬಿಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಅದು ಬೇಡ. ಪೆಟ್ರೋಲ್‌ನಲ್ಲಿ ದೊಡ್ಡವರೊಬ್ಬರು ಸದಾ ಕೂತಿದ್ದರೆ ಮಕ್ಕಳು ಪೆಟ್ರೋಲ್ ಲೀಡರ್ ಕಡೆ ನೋಡುವುದನ್ನೇ ಬಿಡುತ್ತಾರೆ. ಅದರಲ್ಲೂ ತಮ್ಮ ಮಗ ಅಥವಾ ಮಗಳಿರುವ ಪೆಟ್ರೋಲ್‌ನ ಕೆಲಸವನ್ನು ಯಾವ ಪೋಷಕರಿಗೂ ಕೊಡಬೇಡಿ.

ದೊಡ್ಡವರ ತರಬೇತಿಯ ವಿಚಾರಕ್ಕೆ ಬಂದರೆ, 1919ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಗಿಲ್‌ವೆಲ್ ಪಾರ್ಕ್‌ನಲ್ಲಿ ಸ್ಕೌಟ್ ನಾಯಕರ ತರಬೇತಿಯಾದ ವುಡ್ ಬ್ಯಾಡ್ಜ್‌ನ ಮೊದಲ ಶಿಬಿರ ನಡೆದಾಗ ದೊಡ್ಡವರೇ ಪೆಟ್ರೋಲ್‌ಗಳಾಗಿ ಡೇರೆಯಲ್ಲಿದ್ದು ಕಲಿತರು. ವುಡ್ ಬ್ಯಾಡ್ಜ್‌ನ ಹಳೆಯ ಕ್ರಮದಲ್ಲಿ ಓದಿನ ಭಾಗ, ಶಿಬಿರದ ಭಾಗ ಎರಡೂ ಮುಗಿದ ಮೇಲೆ ತಮ್ಮ ದಳದಲ್ಲೇ ಕೆಲಸ ಮಾಡಿ ತೋರಿಸುವ ಮೂರನೇ ಭಾಗವೂ ಇತ್ತು. ನಿಮ್ಮಲ್ಲಿ ಆಗಿರುವುದು ಮೊದಲ ಭಾಗ ಮಾತ್ರ. ಇನ್ನೆರಡಕ್ಕೆ ನಾಲ್ಕು ತಿಂಗಳು ಧಾರಾಳ ಸಾಕು.

ಎಲ್ಲಕ್ಕಿಂತ ಮೊದಲು ಮಕ್ಕಳ ಸುರಕ್ಷತೆಗೆಂದೇ ಒಂದು ಸಂಜೆ, ಎರಡು ಗಂಟೆ ತೆಗೆದಿಡಿ. ನಿಮ್ಮ ಸಂಸ್ಥೆಯ ಹಿನ್ನೆಲೆ ಪರಿಶೀಲನೆ ಮುಗಿಯದೆ, ಸಂಬಂಧಿಕರಲ್ಲದ ಇಬ್ಬರಿಂದ ಅಭಿಪ್ರಾಯ ಪಡೆಯದೆ ಯಾರನ್ನೂ ಮಕ್ಕಳ ಹೊಣೆಗೆ ಹಚ್ಚಬೇಡಿ, ಎಷ್ಟೇ ಪರಿಚಿತರಾಗಿರಲಿ. ಯಾವ ಚಟುವಟಿಕೆಗೂ ಕನಿಷ್ಠ ಇಬ್ಬರು ದೊಡ್ಡವರಿರಬೇಕು. ಉಳಿದವರ ಕಣ್ಣಿಗೆ ಬೀಳದ ಜಾಗದಲ್ಲಿ ಒಬ್ಬರೇ ಒಂದು ಮಗುವಿನ ಜೊತೆ ಇರಕೂಡದು. ಮಲಗುವ ಡೇರೆ ಬೇರೆ ಬೇರೆ. ಮಗುವಿಗೆ ಖಾಸಗಿಯಾಗಿ ಮೆಸೇಜ್ ಕಳಿಸುವಂತಿಲ್ಲ. ಇನ್ನೊಬ್ಬ ನಾಯಕರೋ ಪೋಷಕರೋ ಇರುವ ಗುಂಪಿನಲ್ಲೇ ಹೇಳಬೇಕು. ಇಷ್ಟನ್ನು ಓದಿಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅಭ್ಯಾಸ ಬೇಕಾದದ್ದು, ಮಗುವೊಂದು ತನಗಾದ ಕಿರುಕುಳವನ್ನು ಹೇಳಿಕೊಂಡಾಗ ಏನು ಮಾಡಬೇಕೆಂಬುದಕ್ಕೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಆಡಿಸಿ ನೋಡಿ. ಹೆಚ್ಚಿನವರು ಮಾಡುವ ತಪ್ಪು ಎರಡು. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡುತ್ತಾರೆ, ಇಲ್ಲವೇ ಪೊಲೀಸರಂತೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾರೆ. ಕೇಳಿಸಿಕೊಳ್ಳಬೇಕು, 'ನೀನು ಹೇಳಿದ್ದು ಒಳ್ಳೆಯದಾಯಿತು, ಸಹಾಯ ಮಾಡಬಲ್ಲವರಿಗೆ ನಾನಿದನ್ನು ತಿಳಿಸಲೇಬೇಕು' ಎನ್ನಬೇಕು, ಮಗು ಆಡಿದ ಮಾತಿನಲ್ಲೇ ಬರೆದಿಟ್ಟು, ಅದಕ್ಕೆಂದು ನೇಮಕವಾದವರಿಗೆ ಅದೇ ದಿನ ತಲುಪಿಸಬೇಕು. ವಿಚಾರಣೆ ನಮ್ಮ ಕೆಲಸವಲ್ಲ. ಈ ನಾಲ್ಕು ಮಾತು ಬಾಯಿಗೆ ಸಲೀಸಾಗಿ ಬರುವ ತನಕ ಬಿಡಬೇಡಿ.

ಮುಂದಿನದೆಲ್ಲ ವಾರದ ಸಭೆಯಲ್ಲೇ ನಡೆಯಲಿ. ಮೊದಲ ಎರಡು ವಾರ ಹೊಸಬರು ನೋಡುವುದಷ್ಟೇ, ಆದರೆ ಸುಮ್ಮನೆ ನೋಡುವುದಲ್ಲ. ಕೈಗೊಂದು ಹಾಳೆ ಕೊಡಿ. ಐದು ನಿಮಿಷಕ್ಕೊಮ್ಮೆ ಎಷ್ಟು ಮಕ್ಕಳು ಕೆಲಸವಿಲ್ಲದೆ ನಿಂತಿದ್ದಾರೆ, ಅವರು ಕಾಯುತ್ತಿರುವುದು ಯಾವುದಕ್ಕೆ ಎಂದು ಬರೆದುಕೊಳ್ಳಲಿ. ಗೋಡೆಗೊರಗುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ತೊಂಬತ್ತು ನಿಮಿಷದ ಸಭೆ ಎಲ್ಲಿ ಸೋರಿಹೋಗುತ್ತದೆ ಎಂದು ಅವರೇ ಕಂಡುಕೊಳ್ಳುತ್ತಾರೆ. ಸಾಮಾನ್ಯವಾಗಿ ಸೋರುವುದು ಸಾಮಾನು ಹುಡುಕುವುದರಲ್ಲಿ ಮತ್ತು ಉದ್ದುದ್ದದ ವಿವರಣೆಯಲ್ಲಿ.

ಮೂರನೇ ವಾರದಿಂದ ಐದರವರೆಗೆ ಒಬ್ಬೊಬ್ಬರಿಗೂ ಹತ್ತು ನಿಮಿಷದ ಒಂದು ಆಟ ವಹಿಸಿ. ಮಕ್ಕಳನ್ನು ಮೊದಲು ಆಟದ ಸಾಲಿಗೋ ವೃತ್ತಕ್ಕೋ ತಂದು ನಿಲ್ಲಿಸಬೇಕು, ಆಮೇಲೆ ನಿಯಮ ಹೇಳಬೇಕು. ನಿಯಮ ಹೇಳಿ ಆಮೇಲೆ ಸಾಲು ಮಾಡಿಸಿದರೆ ಅರ್ಧ ಜನರಿಗೆ ಮರೆತಿರುತ್ತದೆ. ವಿವರಣೆ ಒಂದು ನಿಮಿಷ ದಾಟಬಾರದು. ಸೋತವರನ್ನು ಹೊರಗೆ ಕೂರಿಸುವ ಆಟಗಳಲ್ಲಿ ಮೊದಲು ಹೊರಬೀಳುವುದು ಹೆಚ್ಚಾಗಿ ಆಟ ಹೆಚ್ಚು ಬೇಕಾಗಿರುವ ಮಗುವೇ, ಆದ್ದರಿಂದ ಮತ್ತೆ ಒಳಬರಲು ದಾರಿಯಿರುವ ಆಟವನ್ನೇ ಆರಿಸಲಿ.

ಆರನೇ ವಾರದಿಂದ ಒಂದು ಕೌಶಲ ಕಲಿಸುವ ಕೆಲಸ. ನಿಜವಾದ ತರಬೇತಿ ಇಲ್ಲಿದೆ. ಎರಡು ಕೋಲುಗಳನ್ನು ಅಡ್ಡಡ್ಡವಾಗಿ ಹಗ್ಗದಿಂದ ಬಿಗಿಯುವ ಸ್ಕ್ವೇರ್ ಲ್ಯಾಶಿಂಗನ್ನೇ ತೆಗೆದುಕೊಳ್ಳಿ. ಮಣಿಕಟ್ಟಿನಷ್ಟು ದಪ್ಪದ ಎರಡು ಕೋಲು, ಸುಮಾರು ಮೂರು ಮೀಟರ್ ಹಗ್ಗ. ನೆಟ್ಟ ಕೋಲಿಗೆ, ಅಡ್ಡ ಕೋಲಿನ ಕೆಳಗೆ ಕ್ಲೋವ್ ಹಿಚ್ ಎಂಬ ಗಂಟು, ಎರಡೂ ಕೋಲು ಬಳಸಿ ಮೂರು ಸುತ್ತು, ಕೋಲುಗಳ ನಡುವೆ ಬಿಗಿಯುವ ಎರಡು ಫ್ರ್ಯಾಪಿಂಗ್ ಸುತ್ತು, ಕೊನೆಗೆ ಅಡ್ಡ ಕೋಲಿಗೆ ಇನ್ನೊಂದು ಕ್ಲೋವ್ ಹಿಚ್. ನಿಮ್ಮ ಸ್ವಯಂಸೇವಕರಿಗೆ ಇದು ಈಗಾಗಲೇ ಬರಬಹುದು. ಕಲಿಸುವಾಗ ಮಾತ್ರ ಕ್ರಮ ಹೀಗಿರಲಿ: ಮೊದಲು ಮಾತಿಲ್ಲದೆ ಒಮ್ಮೆ ಪೂರ್ತಿ ಕಟ್ಟಿ ತೋರಿಸುವುದು, ಎರಡನೇ ಸಲ ನಿಧಾನವಾಗಿ, ಹೇಳುತ್ತಾ ಕಟ್ಟುವುದು, ಮೂರನೇ ಸಲ ಮಗು ಹೇಳಿದಂತೆ ದೊಡ್ಡವರು ಕಟ್ಟುವುದು, ನಾಲ್ಕನೆಯದು ಮಗುವಿನ ಕೈಗೆ. ಮೂರನೆಯದನ್ನು ಎಲ್ಲರೂ ಹಾರಿಸುತ್ತಾರೆ. ಮಗುವಿಗೆ ಯಾವ ಹೆಜ್ಜೆ ಅರ್ಥವಾಗಿಲ್ಲ ಎಂಬುದು ತಿಳಿಯುವುದು ಅಲ್ಲಿಯೇ, ಹಾಗಾಗಿ ಅದನ್ನು ಬಿಡಲೇಬಾರದು.

ಹಗ್ಗ ಮಗುವಿನ ಕೈಗೆ ಹೋದ ಕ್ಷಣದಿಂದ ಕಲಿಸುವವರ ಎರಡೂ ಕೈ ಬೆನ್ನ ಹಿಂದೆ ಇರಲಿ, ಇದನ್ನು ಅಕ್ಷರಶಃ ಪಾಲಿಸಿ. ಮಗು ಮಾಡುವ ತಪ್ಪು ಹೆಚ್ಚಾಗಿ ಒಂದೇ: ಪ್ರತಿ ಸುತ್ತನ್ನೂ ಹಾಕಿದಾಗಲೇ ಎಳೆದು ಬಿಗಿಮಾಡದೆ, ಎಲ್ಲ ಸುತ್ತಿದ ಮೇಲೆ ಬಿಗಿಮಾಡಲು ನೋಡುವುದು. ಆಗ ಅದು ಬಿಗಿಯಾಗುವುದೇ ಇಲ್ಲ. ಹಗ್ಗ ಕಸಿದು ಸರಿಮಾಡುವ ಬದಲು 'ಕೋಲು ಅಲ್ಲಾಡಿಸಿ ನೋಡು, ಯಾವ ಸುತ್ತು ಸಡಿಲ ಇದೆ?' ಎಂದು ಕೇಳಿ ಕಾಯಬೇಕು. ಆ ಕಾಯುವಿಕೆ ದೊಡ್ಡವರಿಗೆ ಬಹಳ ಕಷ್ಟ. ಎಲ್ಲವನ್ನೂ ತಾವೇ ಮಾಡಿಬಿಡುವ ನಿಮ್ಮ ಇಬ್ಬರನ್ನೂ ಈ ಕೆಲಸಕ್ಕೇ ಹಾಕಿ, ಪಕ್ಕದಲ್ಲಿ ನೀವು ನಿಲ್ಲಿ.

ಯಾವಾಗ ಕೈಹಾಕಬೇಕು ಎಂಬುದಕ್ಕೆ ಅಳತೆಗೋಲು ಸ್ಪಷ್ಟವಾಗಿರಲಿ. ಮೈಗೆ ಅಪಾಯವಿದ್ದರೆ ಆ ಕ್ಷಣವೇ ತಡೆಯುವುದು. ಸಾಮಾನು ಹಾಳಾಗುವಂತಿದ್ದರೆ ಒಂದು ಪ್ರಶ್ನೆ ಕೇಳುವುದು. ಕೆಲಸ ನಿಧಾನವಾಗಿದೆ, ಡೊಂಕಾಗಿದೆ, ಡೇರೆ ಒಂದು ಕಡೆ ವಾಲಿದೆ ಎಂದರೆ ಸುಮ್ಮನಿರುವುದು.

ಪ್ರತಿ ಸಭೆಯ ನಂತರ ಮಕ್ಕಳು ಹೋದ ಮೇಲೆ ಹದಿನೈದು ನಿಮಿಷ ಮಾತಾಡಿ. ನಡೆಸಿದವರು ಮೊದಲು ಹೇಳಲಿ: ಇನ್ನೊಮ್ಮೆಯೂ ಹೀಗೇ ಮಾಡುವುದು ಯಾವುದು, ಬದಲಿಸುವುದು ಯಾವುದು. ಆಮೇಲೆ ನೀವು ಒಂದೇ ಒಂದು ಸಲಹೆ ಕೊಡಿ. ಐದು ಸಲಹೆ ಕೊಟ್ಟರೆ ಒಂದೂ ಉಳಿಯುವುದಿಲ್ಲ. ಮಕ್ಕಳ ಎದುರಿಗೆ ಸ್ವಯಂಸೇವಕರನ್ನು ತಿದ್ದುವ ಹಿರಿಯ ನಾಯಕರಿದ್ದರೆ ಅವರಿಗೂ ಈ ಮಾತು ತಲುಪಿಸಿ. ಒಮ್ಮೆ ಹಾಗಾದರೆ ಆ ಸ್ವಯಂಸೇವಕರು ಮತ್ತೆ ಗೋಡೆಗೇ ಮರಳುತ್ತಾರೆ.

ಎಂಟನೇ ವಾರದ ಸುಮಾರಿಗೆ ದೊಡ್ಡವರಿಗೇ ಒಂದು ರಾತ್ರಿಯ ಶಿಬಿರ ಮಾಡಿ. ಏಳೂ ಜನ ಒಂದು ಪೆಟ್ರೋಲ್. ಹೊಸಬರಲ್ಲೊಬ್ಬರು ಪೆಟ್ರೋಲ್ ಲೀಡರ್, ತರಬೇತಾದ ನೀವಿಬ್ಬರೂ ಅವರು ಹೇಳಿದಂತೆ ಕೇಳುವವರು. ಡೇರೆ ಹಾಕಲಿ, ಅಡುಗೆ ಮಾಡಲಿ, ಪಾತ್ರೆ ತೊಳೆಯಲಿ. ಡೇರೆಯೊಳಗೆ ಒಲೆ ಉರಿಸಕೂಡದು, ಯಾಕೆಂದರೆ ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಸ್ಟೌ ತಣ್ಣಗಾಗದೆ ಎಣ್ಣೆ ತುಂಬಕೂಡದು. ಬೆಂಕಿಗೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿಯ ಹತ್ತಿರ ಅಂಗೈಯ ಹಿಂಬದಿ ಹಿಡಿದು ಬಿಸಿಯಿಲ್ಲವೆಂದು ನೋಡಿದ ಮೇಲೆಯೇ ಜಾಗ ಬಿಡುವುದು. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಮಂಜುಗಡ್ಡೆ, ಟೂತ್‌ಪೇಸ್ಟ್ ಬೇಡ. ಹೊರಸಂಚಾರಕ್ಕೆ ಹೋಗುವಾಗೆಲ್ಲ ಪ್ರಥಮ ಚಿಕಿತ್ಸೆಯ ತರಬೇತಿಯಿದ್ದವರೊಬ್ಬರು ಜೊತೆಗಿರಲೇಬೇಕು, ಆದ್ದರಿಂದ ಐವರಲ್ಲಿ ಇಬ್ಬರನ್ನಾದರೂ ಈಗಲೇ ಆ ತರಗತಿಗೆ ಕಳಿಸಿ.

ಹತ್ತರಿಂದ ಹನ್ನೆರಡನೇ ವಾರದಲ್ಲಿ ಇಬ್ಬಿಬ್ಬರು ಸೇರಿ ಒಂದು ಪೂರ್ತಿ ಸಭೆಯ ಯೋಜನೆ ಮಾಡಲಿ, ಪೆಟ್ರೋಲ್ ಲೀಡರ್‌ಗಳ ಜೊತೆ ಕೂತು. ಆಮೇಲೆ ಒಂದು ದಿನದ ಹೈಕ್. ಸಮಯದ ಲೆಕ್ಕವನ್ನು ಅವರೇ ಹಾಕಲಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರದಂತೆ ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಕಾಲಿನ ದೊಡ್ಡವರ ಲೆಕ್ಕ. ಚೀಲ ಹೊತ್ತ ಹನ್ನೊಂದರ ಮಕ್ಕಳಿಗೆ ಗಂಟೆಗೆ 3 ಕಿಲೋಮೀಟರ್ ಹಿಡಿಯಿರಿ. 9 ಕಿಲೋಮೀಟರ್ ದಾರಿ, 300 ಮೀಟರ್ ಏರು ಎಂದರೆ ಮೂರೂವರೆ ಗಂಟೆ, ವಿಶ್ರಾಂತಿ ಬೇರೆ. ಸೂತ್ರವನ್ನು ಹಾಗೇ ನಂಬಿದವರು ಇದೇ ದಾರಿಗೆ ಎರಡೂಕಾಲು ಗಂಟೆ ಎಂದು ಬರೆದು, ಕತ್ತಲಲ್ಲಿ ಮಕ್ಕಳನ್ನು ನಡೆಸುತ್ತಾರೆ.

ರೇಗುವವರ ವಿಷಯ ಉಳಿಯಿತು. ಅವರ ಜೊತೆ ಒಬ್ಬರೇ ಕೂತು ಮಾತಾಡಿ, ಯಾವ ದಿನ ಯಾವ ಮಗುವಿಗೆ ಏನೆಂದರು ಎಂಬುದನ್ನೇ ಹೇಳಿ. 'ನಿಮಗೆ ಸಿಟ್ಟು ಜಾಸ್ತಿ' ಎಂಬ ಮಾತು ಬೇಡ. ಗದ್ದಲ ಕೇಳಿದೊಡನೆ ಎಷ್ಟೋ ಜನ ಗಾಬರಿಯಿಂದ ರೇಗುತ್ತಾರೆ. ಕೈ ಮೇಲೆತ್ತಿ ನಿಂತು ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾಗುವ ತನಕ ಕಾಯುವ ಕ್ರಮವನ್ನು ಕಲಿಸಿ, ನಾಲ್ಕು ವಾರ ನೋಡಿ. ಬದಲಾಗದಿದ್ದರೆ ಉಗ್ರಾಣ, ಲೆಕ್ಕಪತ್ರ, ಶಿಬಿರದ ಸಾಗಾಣಿಕೆಯ ಹೊಣೆ ಕೊಡಿ. ಆ ಕೆಲಸಗಳಿಗೂ ನಿಮಗೆ ಜನ ಬೇಕೇ ಬೇಕು, ಅದನ್ನು ಶಿಕ್ಷೆಯಂತೆ ಹೇಳಬೇಕಿಲ್ಲ. ಮಗುವಿನ ಮೈಮುಟ್ಟಿ ದಂಡಿಸಿದರೆ ಅಥವಾ ಸುರಕ್ಷತೆಯ ನಿಯಮ ಮುರಿದರೆ ಮಾತ್ರ ನಾಲ್ಕು ವಾರ ಕಾಯುವ ಪ್ರಶ್ನೆಯಿಲ್ಲ. ಅಂದೇ ದಳದಿಂದ ದೂರವಿಡಿ, ಅಂದೇ ಸಂಸ್ಥೆಗೆ ಬರೆದು ತಿಳಿಸಿ.